ಒಂದು ನಂಬರಿಗೆ ಒಂದೇ ಅರ್ಜಿ

ಬೆಟಗೇರಿಯ ಸ್ನೇಹಾ ಹಿಡಿದ ಪಟ್ಟು ಬಿಡುವವಳಲ್ಲ. ಇದು ಹೊಗಳಿಕೆಯೋ ತೆಗಳಿಕೆಯೋ ಎಂಬುದು ಅವಳ ಮನೆಯವರಿಗೇ ಇನ್ನೂ ತೀರ್ಮಾನವಾಗಿಲ್ಲ. ವೆಬ್‌ಸೈಟು ಮಾಡಿಕೊಡುವುದು ಅವಳ ಕಸುಬು. ಈ ಸಲ ಬಂದ ಕೆಲಸ ಲಕ್ಷ್ಮೇಶ್ವರದ 'ಬೆಳವಲ' ಎಂಬ ಹೆಣ್ಣುಮಕ್ಕಳ ಹಾಸ್ಟೆಲಿನದು. ಇಷ್ಟು ವರ್ಷ ಕಾಗದದ ಮೇಲೆ ತೆಗೆದುಕೊಳ್ಳುತ್ತಿದ್ದ ಪ್ರವೇಶದ ಅರ್ಜಿಯನ್ನು ಇನ್ನು ವೆಬ್‌ಸೈಟಿನಲ್ಲೇ ತುಂಬಬೇಕೆಂದು ಕಮಿಟಿ ಠರಾವು ಮಾಡಿತ್ತು. ಸುತ್ತಲಿನ ಎಷ್ಟೋ ಹಳ್ಳಿಗಳಿಂದ ಕಾಲೇಜಿನ ಹೊತ್ತಿಗೆ ಬಸ್ಸಿಲ್ಲ. ಹಾಸ್ಟೆಲಿನಲ್ಲಿ ಸೀಟು ಸಿಕ್ಕರೆ ಹುಡುಗಿಗೆ ಪಿಯುಸಿ, ಸಿಗದಿದ್ದರೆ ಹತ್ತನೆಯ ತರಗತಿಗೇ ಮಂಗಳಾರತಿ. ಫಾರ್ಮು ಸರಿ ಇಲ್ಲದಿದ್ದರೆ ಯಾರದೋ ಓದು ನಿಲ್ಲುತ್ತದೆ ಎಂಬುದನ್ನು ಸ್ನೇಹಾ ಮೊದಲ ದಿನವೇ ಮನಸ್ಸಿಗೆ ಹಚ್ಚಿಕೊಂಡಿದ್ದಳು.

ಅಂಥ ಫಾರ್ಮನ್ನು ಈಗ ಯಾರೂ ಬುಡದಿಂದ ಕಟ್ಟುತ್ತ ಕೂರುವುದಿಲ್ಲ. ಪ್ಲಗಿನ್ ಎಂಬ ಸಿದ್ಧ ಸಾಮಾನು ಸಿಗುತ್ತದೆ, ತಂದು ವೆಬ್‌ಸೈಟಿಗೆ ಸಿಕ್ಕಿಸಿದರೆ ಆಯಿತು. ಸಿಗುವುದೂ ಒಂದೆರಡಲ್ಲ, ನೂರಾರು. ಎಲ್ಲವೂ ನಾ ಮೇಲು ತಾ ಮೇಲು ಎನ್ನುತ್ತವೆ. ಸ್ನೇಹಾ ಐದನ್ನು ಆರಿಸಿ ಜಾಲಾಡಿದಳು. ಮೊದಲನೆಯದರಲ್ಲಿ ಕನ್ನಡದ ಒತ್ತಕ್ಷರಗಳು ಆಸ್ತಿ ಪಾಲಾದ ಅಣ್ಣತಮ್ಮಂದಿರಂತೆ ಬೇರೆ ಬೇರೆ ನಿಂತವು. ಎರಡನೆಯದು ಇಮೇಲ್ ವಿಳಾಸ ಕೊಡದೆ ಹೊಸ್ತಿಲು ದಾಟಗೊಡಲಿಲ್ಲ. ಮೂರನೆಯದು ನಡುವೆ ನೆಟ್‌ವರ್ಕ್ ಹೋದರೆ ತುಂಬಿದ್ದನ್ನೆಲ್ಲ ಅಳಿಸಿ, ಏನೂ ಅರಿಯದಂತೆ ಮತ್ತೆ ಹೆಸರು ಕೇಳುತ್ತಿತ್ತು. ನಾಲ್ಕನೆಯದು ಸಾದಾ; ಬಣ್ಣವಿಲ್ಲ, ಬೆಡಗಿಲ್ಲ, ಆದರೆ ಅರ್ಧ ತುಂಬಿದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುತ್ತಿತ್ತು. ಐದನೆಯದು ಹಾಸ್ಟೆಲಿನ ಕಾರ್ಯದರ್ಶಿ ವೀರೇಶ ತಾನೇ ಹುಡುಕಿಕೊಟ್ಟದ್ದು.

ವೀರೇಶ ಜವಳಿ ವ್ಯಾಪಾರಿ. ಕೆಟ್ಟವನಲ್ಲ, ಹೊಳೆಯುವ ಸರಕು ಕಂಡರೆ ಕೈ ತಡೆಯುವುದಿಲ್ಲ, ಅಷ್ಟೆ. ಅವನ ಪ್ಲಗಿನ್ನಿನಲ್ಲಿ ಅರ್ಜಿ ಮುಟ್ಟಿದ ಕೂಡಲೇ ತೆರೆಯ ಮೇಲೆ ಹೂ ಉದುರುತ್ತಿದ್ದವು. ಫೋನಿಗೆ ಒಟಿಪಿ ಕಳಿಸಿ ಖಾತ್ರಿ ಮಾಡಿಕೊಂಡು, ಒಂದು ನಂಬರಿನಿಂದ ಒಂದೇ ಅರ್ಜಿ ತೆಗೆದುಕೊಳ್ಳುವ ಕಾವಲು ಬೇರೆ ಇತ್ತು. ಆ ಕಾವಲನ್ನು ತೆಗೆದಿಡಲು ಬರುತ್ತಿರಲಿಲ್ಲ.

"ಹೋದ ವರ್ಷ ಒಬ್ಬಾವ ಒಂದಾ ಹುಡುಗಿ ಹೆಸರಿಲೆ ಹನ್ನೊಂದು ಅರ್ಜಿ ಹಾಕಿದ್ದ ನೋಡವಾ," ಎಂದ ವೀರೇಶ. "ಆರಿಸಿ ಆರಿಸಿ ಸಾಕಾತು. ಇದನ್ನಾ ಹಚ್ಚು. ಬುಧವಾರ ಚಾಲೂ ಆಗಬೇಕು."

"ಹನ್ನೊಂದು ಬಂದ್ರ ಹತ್ತು ತಗದು ಒಗೀಬಹುದ್ರಿ ಅಣ್ಣಾರ. ಬರದಾ ಇದ್ದದ್ದನ್ನ ಎಲ್ಲಿಂದ ತರೂದು?"

"ಯಾಕ ಬರೂದಿಲ್ಲ? ಈಗ ಕುರಿ ಕಾಯಾವರ ಕಡೇನೂ ಫೋನ್ ಅದಾವ."

ಅದೂ ಖರೆಯೇ. ಆದರೂ ಸ್ನೇಹಾಳಿಗೆ ಒಪ್ಪುವ ಮನಸ್ಸಿರಲಿಲ್ಲ. ಶನಿವಾರ ಲ್ಯಾಪ್‌ಟಾಪ್ ಬಗಲಿಗೆ ಹಾಕಿಕೊಂಡು ಹಳ್ಳಿಯಲ್ಲೇ ತುಂಬಿಸಿ ನೋಡೋಣವೆಂದು ಬಾಳೆಹೊಸೂರಿನ ಬಸ್ಸು ಹತ್ತಿದಳು.

ಅಲ್ಲಿ ಗದಿಗೆವ್ವನ ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಜೋಳದ ಡಬ್ಬಿ ಇಟ್ಟುಕೊಂಡು ಪಾಳಿಗೆ ಕುಳಿತಿದ್ದರು. ಅವರ ಜೊತೆ ಬಂದಿದ್ದ ಹುಡುಗಿಯರಲ್ಲಿ ನಾಲ್ವರು ಈಗಷ್ಟೇ ಹತ್ತನೆಯದು ಮುಗಿಸಿದವರು. ಇದು ಬರೀ ಪರೀಕ್ಷೆ, ಖರೆ ಅರ್ಜಿಯಲ್ಲ ಎಂದು ಸ್ನೇಹಾ ಮೂರು ಸಲ ಹೇಳಿ ವೀರೇಶನ ಫಾರ್ಮು ತೆರೆದಳು. ಮುಂದೆ ಕುಳಿತಿದ್ದ ದುರ್ಗಾ ಮೊದಲು ತುಂಬಿದಳು. ಫೋನ್ ನಂಬರಿನ ಮನೆ ಬಂದಾಗ ಅವಳ ತಾಯಿ ಮಂಜವ್ವ ಒಂದು ನಂಬರನ್ನು ಬಾಯಿಪಾಠ ಒಪ್ಪಿಸಿದಳು. ಗಿರಣಿಯೊಳಗೆ ಗದಿಗೆವ್ವನ ಫೋನು ಟಿಂಗೆಂದಿತು. ಅವಳು ಅಲ್ಲಿಂದಲೇ ಒಟಿಪಿ ಕೂಗಿ ಹೇಳಿದಳು. ತೆರೆಯ ಮೇಲೆ ಹೂ ಉದುರಿದವು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು.

ಎರಡನೆಯವಳು ಪಕ್ಕದ ಮನೆಯ ರೋಜಾ. ಅವಳು ಹಾಕಿದ್ದೂ ಅದೇ ನಂಬರು. 'ಈ ನಂಬರಿನಿಂದ ಅರ್ಜಿ ಬಂದಾಗಿದೆ' ಎಂದು ಕೆಂಪಕ್ಷರ ಮೂಡಿತು. ಮೂರನೆಯವಳಿಗೂ ಅದೇ ಗತಿ, ನಾಲ್ಕನೆಯವಳಿಗೂ ಅದೇ.

"ನಿಮ್ಮ ನಿಮ್ಮ ಮನಿ ನಂಬರ ಹಾಕ್ರಿ," ಎಂದಳು ಸ್ನೇಹಾ.

ಗದಿಗೆವ್ವ ಸೆರಗಿನಿಂದ ಹಿಟ್ಟು ಕೊಡವಿಕೊಳ್ಳುತ್ತ ಹೊರಬಂದಳು. "ಮನಿ ಫೋನು ಗಂಡ್ಸೂರ ಜೋಡಿ ಕೆಲಸಕ್ಕ ಹೋಗಿರ್ತೈತಿ ತಂಗಿ. ಕರೆನ್ಸಿ ಹಾಕದಿದ್ರ ನಂಬರಾ ಸಾಯ್ತೈತಿ, ಮತ್ತ ಹೊಸಾದು ತಗೋತಾರ. ನನ್ನ ನಂಬರ ಹದಿನೈದು ವರ್ಷಾತು, ಬದಲಾಗಿಲ್ಲ. ಸಾಲಿ ಖಬರ, ದವಾಖಾನಿ ಖಬರ, ಏನ ಬಂದ್ರೂ ಬೀಸಾಕ ಬಂದಾಗ ಹೇಳಿ ಕಳಸ್ತೀನಿ. ಓಣಿಗೆಲ್ಲಾ ಇದಾ ನಂಬರ."

ಎಂಥ ಚೆಂದದ ವ್ಯವಸ್ಥೆ! ಯಾವ ಕಂಪನಿಯೂ ಕಟ್ಟಲಾರದ್ದನ್ನು ಒಂದು ಗಿರಣಿ ಕಟ್ಟಿತ್ತು. ಆದರೆ ವೀರೇಶನ ಪ್ಲಗಿನ್ನಿನ ಲೆಕ್ಕದಲ್ಲಿ ಇಡೀ ಓಣಿಗೆ ಒಬ್ಬಳೇ ಹುಡುಗಿ.

ಸ್ನೇಹಾಳಿಗೆ ಹೆದರಿಕೆಯಾದದ್ದು ಬೇರೆಯದಕ್ಕೆ. ಯಾರೂ ಸಿಟ್ಟಾಗಲಿಲ್ಲ. ಕೆಂಪಕ್ಷರ ಓದಿದ ರೋಜಾ "ಆತು ಬಿಡ್ರಿ" ಎಂದು ಎದ್ದಳು. ಉಳಿದವರು ಡಬ್ಬಿ ಎತ್ತಿಕೊಂಡು ನಡೆದರು. "ದೇವ್ರು ಕೊಟ್ರೂ ಪೂಜಾರಿ ಕೊಡಲಿಲ್ಲ," ಎಂದು ಗದಿಗೆವ್ವ ಗೊಣಗಿದಳು, ಅಷ್ಟೇ ತಕರಾರು. ಬುಧವಾರ ಇದೇ ಆಗಿದ್ದರೆ ಹಾಸ್ಟೆಲಿಗೆ ಸುದ್ದಿಯೂ ಮುಟ್ಟುತ್ತಿರಲಿಲ್ಲ. ಈ ಊರಿನಿಂದ ಓದುವವರೇ ಇಲ್ಲ ಎಂದುಕೊಂಡು ಸುಮ್ಮನಾಗುತ್ತಿದ್ದರು. ಹೊರಡುವಾಗ ಸ್ನೇಹಾ ಮತ್ತೊಮ್ಮೆ, ಇದು ಪರೀಕ್ಷೆ, ಖರೆ ಅರ್ಜಿ ಬುಧವಾರ ಎಂದಳು. ಮಂಜವ್ವ "ಹೂನ್ರಿ ಅಕ್ಕಾರ" ಎಂದು ತಲೆಯಾಡಿಸಿದಳು.

ಸೋಮವಾರ ಲಕ್ಷ್ಮೇಶ್ವರದ ಆಫೀಸಿನಲ್ಲಿ ಸ್ನೇಹಾ ಕುರ್ಚಿಯಲ್ಲಿ ಕೂರುವ ಮೊದಲೇ ಗಿರಣಿಯ ಮುಂದೆ ಆದದ್ದನ್ನೆಲ್ಲ ಹೇಳಿ, ಕೊನೆಗೆ ಅಂದಳು: "ನಾ ಆ ನಾಲ್ಕನೇ ಸಾದಾದನ್ನಾ ಹಚ್ಚಾಕಿ. ಎರಡೆರಡು ಸಲ ಬಂದದ್ದನ್ನ ತಾಯಿ ಹೆಸರು ನೋಡಿ ನಾನಾ ತಗದು ಕೊಡ್ತೀನಿ. ನಿಮ್ಮದು ಮೂಗಿಗಿಂತ ಮೂಗುತಿ ಭಾರ ಆಗೇತ್ರಿ."

"ಹಂಗಾರ ಹುಬ್ಬಳ್ಳಿಯವ್ರಿಗೆ ಕೊಡ್ತೀನಿ ಕೆಲಸ."

"ಕೊಡ್ರಿ. ಆದ್ರ ನನ್ನ ಕೈಲೆ ಅದನ್ನ ಹಚ್ಚೂದಿಲ್ಲ."

ವೀರೇಶನ ಮುಖ ಕೆಂಪಾಯಿತು. "ಅಲ್ಲವಾ, ಒಬ್ಬರರ ತಕರಾರು ತಂದಾರನು? ನೀ ಒಬ್ಬಾಕಿನಾ ಬಡಕೋಳಾಕತ್ತೀದಿ!"

ಅಷ್ಟರಲ್ಲಿ ಬಾಗಿಲಲ್ಲಿ ಮಂಜವ್ವ ನಿಂತಿದ್ದಳು. ಜೊತೆಗೆ ದುರ್ಗಾ, ರೋಜಾ. ಆ ದಿನದ ಕೂಲಿ ಬಿಟ್ಟು ಬಂದಿದ್ದಳು, ಆದರೆ ತಕರಾರಿಗಲ್ಲ.

"ಸಾಹೇಬ್ರ, ನಮ್ಮ ದುರ್ಗಾನ ಹೆಸರು ತಗದಬಿಡ್ರಿ," ಎಂದಳು.

"ಯಾಕವಾ?" ವೀರೇಶನಿಗೆ ತಲೆಬುಡ ತಿಳಿಯಲಿಲ್ಲ.

"ಗಿರಣಿ ನಂಬರಿಗೆ ಒಂದಾ ಹುಡುಗಿ ಅಂತಲ್ರಿ. ನಮ್ಮಾಕಿ ಮುಂದ ಕುಂತಿದ್ಲು, ಆಕಿ ಅರ್ಜಿ ಮೊದಲ ಮುಟ್ಟೇತಿ. ಓಣ್ಯಾಗ ಎಲ್ಲಾರೂ ಕೂಡಿ ಮಾತಾಡೀವ್ರಿ. ಈ ರೋಜಾ ನಮ್ಮಾಕಿಗಿಂತ ಶಾಣ್ಯಾಕಿ, ಅವ್ವಿಲ್ಲದ ಕೂಸು. ಮನ್ಯಾಗ ಉಳದ್ರ ಲಗ್ನ ಮಾಡಿಬಿಡ್ತಾರ. ದುರ್ಗಾಗ ನಾ ಅದೀನಲ್ರಿ, ಹೆಂಗರ ಆಕ್ಕೈತಿ. ಆಕಿ ಹೆಸರು ತಗದು ಈಕಿದು ಹಾಕ್ರಿ."

ಪರೀಕ್ಷೆ ಎಂದು ಸ್ನೇಹಾ ನಾಲ್ಕು ಸಲ ಹೇಳಿದ್ದಳು ನಿಜ. ಆದರೆ ಮಗಳ ಹೆಸರು ಬರೆದು ಕಳಿಸಿದ ಅರ್ಜಿ ಆಟವೆಂದು ಯಾವ ತಾಯಿ ನಂಬುತ್ತಾಳೆ? ಸ್ನೇಹಾಳ ತಪ್ಪಿಗೆ ಆ ಓಣಿ ಎರಡು ದಿನ ಕೂತು, ತನ್ನ ಮಕ್ಕಳಲ್ಲಿ ಯಾರನ್ನು ಬಿಡುವುದೆಂದು ತೂಗಿ ನೋಡಿತ್ತು. ರೋಜಾ ನೆಲ ನೋಡುತ್ತಿದ್ದಳು. ದುರ್ಗಾ ಗೋಡೆಗೆ ಮುಖ ತಿರುಗಿಸಿ ನಿಂತಿದ್ದಳು.

ಸ್ನೇಹಾ ವೀರೇಶನ ಅಪ್ಪಣೆಗೆ ಕಾಯಲಿಲ್ಲ. ಲ್ಯಾಪ್‌ಟಾಪ್ ತೆಗೆದು ಐದನೆಯ ಪ್ಲಗಿನ್ನನ್ನು ಕಿತ್ತುಹಾಕಿದಳು, ನಾಲ್ಕನೆಯದನ್ನು ಹಚ್ಚಿದಳು, ಮೇಜಿನ ಮೇಲೆ ಹುಡುಗಿಯರ ಕಡೆಗೆ ತಿರುಗಿಸಿ ಇಟ್ಟಳು.

"ಬುಧವಾರತನಕ ಯಾಕ? ಇದು ಖರೆ ಅರ್ಜಿ. ಇಬ್ಬರೂ ತುಂಬ್ರಿ."

ರೋಜಾಳ ಅರ್ಜಿ ಗಿರಣಿಯ ನಂಬರಿನಿಂದಲೇ ಮುಟ್ಟಿತು. ದುರ್ಗಾ ಹೆಸರು ಬರೆದಳು, ತಾಯಿಯ ಹೆಸರು ಬರೆದಳು, ಅಂಕ ಬರೆದಳು. ನಂಬರಿನ ಹತ್ತಿರ ಬಂದು ಬೆರಳು ಹಿಂದಕ್ಕೆ ತೆಗೆದಳು.

"ಯವ್ವಾ, ಅದಾ ನಂಬರ ಹಾಕಿದ್ರ ರೋಜಾಂದು ಅಳಿಸಿ ಹೊಕ್ಕೈತೇನ ಬೇ?"

ಮಂಜವ್ವ ವೀರೇಶನ ಮುಖ ನೋಡಿದಳು. ವೀರೇಶ ತನ್ನ ಕುರ್ಚಿ ಬಿಟ್ಟು ಎದ್ದು, ಅದನ್ನು ಅವಳ ಕಡೆಗೆ ಸರಿಸಿದ.

"ಯಾರದೂ ಹೋಗೂದಿಲ್ಲ. ಅದಾ ನಂಬರ ಹಾಕು ಮಗಳ," ಎಂದ. "ಉಳದಾವರಿಗೂ ಅದನ್ನಾ ಹಾಕಾಕ ಹೇಳು."

ಇಷ್ಟು ಹೊತ್ತು ಅಳು ಬಿಗಿಹಿಡಿದು ನಿಂತಿದ್ದ ದುರ್ಗಾ ಆಗ ಬಿಕ್ಕಿ ಬಿಕ್ಕಿ ಅತ್ತಳು.