ನಾನ್ನೂರ ಹದಿಮೂರನೆಯ ಹಾಳೆ

ಹಾಳೆಗಳ ಸರಸರ ಸದ್ದು, ಮೂವತ್ತು ವರ್ಷ ಕಳೆದರೂ ಅದೇ ಸದ್ದು, ಇಲೋಯ್ಲೋ ಪಟ್ಟಣದ ಕಾಲೇಜಿನ ಇದೇ ಕೋಣೆ, ಇದೇ ಮಧ್ಯಾಹ್ನದ ಸೆಕೆ, ಆಗ ಎರಡು ಬೇಸಿಗೆ ದುಡಿದು ಅಧ್ಯಾಪಕಿ ಪೆರ್ಲಾ ಕಟ್ಟಿದ ಮೂವತ್ತಾರು ಪ್ರಶ್ನೆಗಳು, ಹೆಣ್ಣಿನ ಮೇಲೆ ಕೈಮಾಡದಂತೆ ಗಂಡಸನ್ನು ಒಳಗಿನಿಂದ ತಡೆದು ನಿಲ್ಲಿಸುವ ಭಾವ ಯಾರಲ್ಲಿ ಎಷ್ಟಿದೆಯೆಂದು ಅಳೆಯುವ ಪ್ರಶ್ನೆಗಳು, ಗಂಡಸಿನ ಮನಸ್ಸಿಗೂ ಅಳತೆಗೋಲೇನಮ್ಮ ಎಂದು ಡೀನ್ ನಕ್ಕಿದ್ದರು, ನಮ್ಮ ಹುಡುಗ್ರು ಮರ್ಯಾದಸ್ಥರು, ಬೇರೆ ಕೆಲ್ಸ ನೋಡ್ಕೋ — ನೋಡಿಕೊಳ್ಳಲಿಲ್ಲ ಅವಳು, ನಾನ್ನೂರ ಹನ್ನೆರಡು ಹುಡುಗರ ಉತ್ತರಗಳನ್ನು ಹೊತ್ತು ತಂದು ಅವರ ಮೇಜಿನ ಮೇಲಿಟ್ಟಳು, ನಗು ನಿಂತಿತು, ಆ ಅಳತೆ ಇಂದಿಗೂ ಚಾಲ್ತಿಯಲ್ಲಿದೆ, ಇಗೋ ಶಿಷ್ಯೆ ಮೈಲೀನ್ ಈ ವರ್ಷದ ಹುಡುಗರ ಹಾಳೆಗಳನ್ನು ವಿಂಗಡಿಸುತ್ತಿದ್ದಾಳೆ, ಬೆರಳು ಚುರುಕು, ಇದು ಹೋಯ್ತು ಮ್ಯಾಮ್, ಇಪ್ಪತ್ಮೂರನೇದಕ್ಕೆ ಉತ್ತರಾನೇ ಇಲ್ಲ, ತೆಗೆದಿಡ್ಲಾ — ಇಪ್ಪತ್ತಮೂರು, ಒಲ್ಲೆನೆನ್ನುವ ಹುಡುಗಿಯನ್ನು ಗೆಳೆಯನೊಬ್ಬ ಎಳೆದೊಯ್ಯುತ್ತಿದ್ದರೆ ನಾನು ಅಡ್ಡ ನಿಲ್ಲುತ್ತೇನೆ, ಎಲ್ಲರೂ ಹೌದೆಂದಿದ್ದರು ಆಗ, ಎದ್ದು ನಿಂತು ಒಕ್ಕೊರಲಿನಿಂದ ಗುಡ್ ಆಫ್ಟರ್‌ನೂನ್ ಮ್ಯಾಮ್ ಎನ್ನುವಷ್ಟೇ ಸಲೀಸಾಗಿ, ಒಬ್ಬನ ಹೊರತು, ಹಿಂದಿನ ಬೆಂಚಿನಿಂದ ಕೈಯೆತ್ತಿದವನು, ಮ್ಯಾಮ್, ಗೆಳೆಯ ಅಲ್ಲ, ಸ್ವಂತ ಅಣ್ಣನಾದ್ರೆ, ಅವನ ಗೆಳೆಯರು ಕಿಸಕ್ಕೆಂದರು, ಅಣ್ಣನ್ ಕೈಲಿ ಒದೆ ತಿಂತಾನೆ ಮ್ಯಾಮ್ ಇವ್ನು, ಅವನು ಮಾತ್ರ ನಗಲಿಲ್ಲ, ಅವಳಿಗೆ ನಿಯಮ ಗೊತ್ತಿತ್ತು, ಕೇಳುವವರು ಪ್ರಶ್ನೆಯನ್ನು ಬಿಡಿಸಿ ಹೇಳಬಾರದು, ಹೇಳಿದರೆ ಅಳತೆ ಕೆಡುತ್ತದೆ, ಹಾಳೇಲಿ ಏನಿದ್ಯೋ ಅದಕ್ಕೇ ಉತ್ತರ ಬರಿ ಮಗು ಎಂದಳು, ಎಷ್ಟು ಮೃದುವಾಗಿ ಎಂದಳು, ಎಲ್ಲರೂ ಎದ್ದುಹೋದ ಮೇಲೂ ಅವನ ರಬ್ಬರಿನ ಸದ್ದು, ಹೌದು, ಉಜ್ಜಿದ, ಇಲ್ಲ, ಉಜ್ಜಿದ, ಮತ್ತೆ ಹೌದು, ಹಾಳೆ ಅವಳ ಕೈಗೆ ಬಂದಾಗ ಆ ಚೌಕದಲ್ಲಿ ಒಂದು ತೂತು, ತೂತಿನಡಿ ಮೇಜಿನ ಕಪ್ಪು ಮರ, ಕೆಟ್ಟ ಹಾಳೆಯೆಂದು ಲೆಕ್ಕದಿಂದ ತೆಗೆದಿಟ್ಟಳು, ಆ ವರ್ಷದ ಆಗಸ್ಟ್ ತಿಂಗಳ ಮಳೆಯಲ್ಲಿ ಅದೇ ಹುಡುಗ ಇದೇ ಬಾಗಿಲಲ್ಲಿ ತೊಯ್ದು ನಿಂತಿದ್ದ, ಪಕ್ಕದ ಮನೆ ಹುಡುಗಿ ಮ್ಯಾಮ್, ನಮ್ಮಣ್ಣ, ನಾನು ಬಾಗ್ಲಲ್ಲೇ ಇದ್ದೆ, ತಡೀಲಿಲ್ಲ — ಅಷ್ಟೇ ಹೇಳಿದ, ಹೋದ, ಹೆಸರು ಕೇಳಲಿಲ್ಲ ಅವಳು, ಹಾಳೆಗಳ ಮೇಲೆ ಹೆಸರಿರಬಾರದೆಂಬುದೂ ಅವಳದೇ ನಿಯಮ, ಕೇಳಿದ್ದರೆ, ಅವನು ಕೈಯೆತ್ತಿದ ದಿನವೇ ಬೆಂಚಿನ ಪಕ್ಕ ಕುಳಿತು ಯಾರ ಅಣ್ಣ ಮಗು, ಯಾವ ಹುಡುಗಿ ಎಂದಿದ್ದರೆ, ಆ ಹುಡುಗಿಗೂ ಈಗ ಐವತ್ತರ ಹತ್ತಿರ, ಎಲ್ಲಿದ್ದಾಳೋ, ಸನ್ಮಾನ, ಫಲಕ, ಭಾಷಣ, ಪ್ರತಿ ಸಲವೂ ನಾನ್ನೂರ ಹನ್ನೆರಡು ಎಂದೇ ಹೇಳಿದ್ದಾಳೆ, ಒಂದು ಸಲವೂ ನಾಲಿಗೆ ತೊದಲಲಿಲ್ಲ — ಮೈಲೀನ್ ಈ ವರ್ಷದ ಆ ಉತ್ತರವಿಲ್ಲದ ಹಾಳೆಯನ್ನು ಕಸದ ಬುಟ್ಟಿಯ ಮೇಲೆ ಹಿಡಿದಿದ್ದಾಳೆ, ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬನ್ನು, ಮ್ಯಾಮ್, ಹೇಳಿ, ಆ ನಾನ್ನೂರ ಹನ್ನೆರಡು ಹುಡುಗ್ರ ಕಥೆ, ಕೈ ಚುರುಕಾಗತ್ತೆ — ಬಿಸಾಡಬೇಡ, ಕೊಡು ಇಲ್ಲಿ, ನಾನ್ನೂರ ಹದಿಮೂರು ಎಂದಳು ಪೆರ್ಲಾ, ತನ್ನದೇ ದನಿ ತನಗೆ ಹೊಸದಾಗಿ ಕೇಳಿತು, ಹದಿಮೂರಾ, ಯಾವತ್ತೂ ಹನ್ನೆರಡು ಅಂತಿದ್ರಿ, ಮೊದ್ಲಿಂದ ಇನ್ನೊಂದ್ಸಲ ಹೇಳಿ ಮ್ಯಾಮ್ — ಮೊದಲಿಂದ, ಮೊದಲು ಒಂದು ಚೌಕ, ಚೌಕದಲ್ಲಿ ತೂತು, ತೂತಿನಡಿ ಕಪ್ಪು ಮರ, ತೂತು