ನಾಲಿಗೆಯ ಕೆಳಗೆ

ಗಂಜಿ ಕುಡಿದು ಎಷ್ಟು ಹೊತ್ತಾದರೂ ಮಾರುತೇಶ ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ. ಆಕಳಿಸುತ್ತಿದ್ದ, ಸೀನುತ್ತಿದ್ದ, ಹೊಟ್ಟೆ ಹಿಡಿದುಕೊಂಡು ಅಂಗಳ ಸುತ್ತುತ್ತಿದ್ದ. ಅಂಥಾ ಬಿಸಿಲಲ್ಲೂ ಅವನ ತೋಳಿನ ಕೂದಲು ನೆಟ್ಟಗೆ ನಿಂತಿತ್ತು. ಅವನ ಅವ್ವ ಉಚ್ಚಂಗೆಮ್ಮ ದವಡೆಯ ಹೊಗೆಸೊಪ್ಪನ್ನು ಆ ಕಡೆಯಿಂದ ಈ ಕಡೆಗೆ ತಳ್ಳುತ್ತಾ ಮಗನನ್ನೇ ನೋಡುತ್ತಿದ್ದಳು.

ಚಳ್ಳಕೆರೆಯಿಂದ ಮುಂಬೈಗೆ ಈರುಳ್ಳಿ ಲಾರಿ ಓಡಿಸುತ್ತಿದ್ದ ಹುಡುಗ. ಸೊಂಟನೋವಿಗೆ ಒಳ್ಳೆಯದು ಅಂತ ದಾರಿಯಲ್ಲಿ ಯಾವನೋ ಪುಣ್ಯಾತ್ಮ ಕೊಟ್ಟು ರೂಢಿ ಮಾಡಿಸಿದ ಪುಡಿ ಹೆರಾಯಿನ್ ಎಂದು ಮನೆಗೆ ಗೊತ್ತಾಗುವಷ್ಟರಲ್ಲಿ ಕೆಲಸವೂ ಹೋಗಿತ್ತು, ಮೈಯೂ ಹೋಗಿತ್ತು. ಅತ್ತು ಕರೆದು ಅವ್ವ ಅವನನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದ್ದಳು. ಅಲ್ಲಿ ನರ್ಸ್ ಪುಷ್ಪಲತಾ ಪುಟ್ಟದೊಂದು ಮಾತ್ರೆ ಕೊಟ್ಟದ್ದೇ ತಡ, ಒದ್ದಾಡುತ್ತಿದ್ದವನು ತಣ್ಣಗೆ ಮಲಗಿಬಿಟ್ಟಿದ್ದ. ಅದೇ ಮಾತ್ರೆ ಮನೆಗೂ ಕಳಿಸಿದ್ದರು. ದಿನಾ ನೀವೇ ಕೊಡಿ, ನಾಲಿಗೆಯ ಕೆಳಗೆ ಇಟ್ಟುಕೊಂಡು ಕರಗಿಸಲಿ, ಅಂದಿದ್ದರು.

ಅಯ್ಯೋ, ಎಡವಟ್ಟಾಗಿದ್ದು ಅಲ್ಲೇ! ಉಚ್ಚಂಗೆಮ್ಮನ ಪ್ರಕಾರ ನುಂಗುವುದು ಔಷಧಿ, ಬಾಯಲ್ಲಿಟ್ಟುಕೊಂಡು ರಸ ಹೀರುವುದು ಚಟ. ಅವಳ ದವಡೆಗೆ ಇದು ಗೊತ್ತಿಲ್ಲದ ವಿಷಯವೇ? ಒಂದು ಚಟ ಬಿಡಿಸಲು ಹೋಗಿ ಇನ್ನೊಂದು ಕಲಿಸುವುದುಂಟೇ? ಅದಕ್ಕೇ ಮಾತ್ರೆಯನ್ನು ಪುಡಿ ಮಾಡಿ ಗಂಜಿಗೆ ಹಾಕಿದ್ದಳು, ನಿನ್ನೆಯೂ, ಇವತ್ತೂ. "ನಾಲಿಗೆ ಕೆಳಗೆ ಇಡ್ಬೇಕವ್ವ" ಅಂತ ಮಗ ಬಡಕೊಂಡಿದ್ದ. "ನಿನ್ ಕಳ್ಳಾಟ ನಂಗೊತ್ತಿಲ್ವಾ? ಬಾಯ್ಮುಚ್ಕೊಂಡು ಕುಡಿ" ಅಂದಿದ್ದಳು.

"ಆಗಲ್ಲವ್ವಾ. ಚಳ್ಳಕೆರೆಗೆ ಹೋಗ್ಬರ್ತೀನಿ." ಮಾರುತೇಶ ಅಂಗಿ ಎಳೆದುಕೊಂಡು ಹೊರಟೇಬಿಟ್ಟ.

ಯಾಕೆ ಹೊರಟನೆಂದು ಉಚ್ಚಂಗೆಮ್ಮನಿಗೆ ಗೊತ್ತಾಗದೇ ಇರುತ್ತದೆಯೇ? ಚಳ್ಳಕೆರೆಯ ಲಾರಿ ಸ್ಟ್ಯಾಂಡಿನ ಹಿಂದೆ ಪುಡಿಯವನಿದ್ದ. ಬಿಟ್ಟವನು ಮತ್ತೆ ಹಳೇ ಅಳತೆಯಲ್ಲೇ ತಗೊಂಡರೆ ಉಸಿರೇ ನಿಂತುಹೋಗಬಹುದು ಎಂದು ನರ್ಸ್ ಎಚ್ಚರಿಸಿದ್ದಳು. ಉಚ್ಚಂಗೆಮ್ಮ ಅವಳಿಗೇ ಫೋನ್ ಹಚ್ಚಿದಳು.

"ನಿಮ್ ಮಾತ್ರೆ ಕೆಲ್ಸಾನೇ ಮಾಡ್ತಿಲ್ರೀ!"

"ನಾಲಿಗೆ ಕೆಳಗೆ ಇಟ್ರಾ?"

"ಗಂಜೀಲಿ ಹಾಕಿ..."

"ಅಯ್ಯೋ ಅಮ್ಮಾ, ಹೊಟ್ಟೆಗೋದ್ರೆ ಅದು ದಂಡ. ನಾಲಿಗೆ ಕೆಳಗಿಂದಾನೇ ರಕ್ತಕ್ಕೆ ಸೇರ್ಬೇಕು. ಹೋಗಿ, ಈಗ್ಲೇ ಒಂದು ಕೊಡಿ."

ಮಾತ್ರೆ ಮುಷ್ಟಿಯಲ್ಲಿ ಹಿಡಿದು ಉಚ್ಚಂಗೆಮ್ಮ ರಸ್ತೆಗೆ ಓಡಿದಳು. ಮೊಳಕಾಲ್ಮೂರು ಕಡೆಯಿಂದ ಚಳ್ಳಕೆರೆ ಬಸ್ಸು ಧೂಳೆಬ್ಬಿಸಿಕೊಂಡು ಬರುತ್ತಿತ್ತು. ಮಗನ ಕಾಲರಿಗೇ ಕೈ ಹಾಕಿದಳು.

"ತಪ್ಪು ನಂದೇ ಕಣೋ. ನೀನು ಹೇಳಿದ್ದೇ ಖರೆ. ಬಾಯಿ ತೆಗಿ."

"ಬಿಡವ್ವಾ! ದವಡೇಲಿ ಸೊಪ್ಪು ಇಟ್ಕೊಂಡು ನಂಗೆ ಹೇಳ್ತೀಯಾ?"

ಉಚ್ಚಂಗೆಮ್ಮ ಬಾಯೊಳಗೆ ಬೆರಳು ಹಾಕಿ ಹೊಗೆಸೊಪ್ಪನ್ನು ಕಿತ್ತು ರಸ್ತೆಗೆ ಎಸೆದಳು. "ತಗೋ, ಹೋಯ್ತು. ಈಗ ತೆಗೀತೀಯೋ ಇಲ್ವೋ?"

ಮಾರುತೇಶ ಅವ್ವನ ಖಾಲಿ ಬಾಯನ್ನೇ ನೋಡಿದ. ಆಮೇಲೆ ನಾಲಿಗೆ ಎತ್ತಿದ. ಅವಳು ಮಾತ್ರೆ ಇಟ್ಟಳು.

ಬಸ್ಸು ನಿಂತಿತು. ಬಾಗಿಲಲ್ಲಿ ಜೋತಾಡುತ್ತಿದ್ದ ಕಂಡಕ್ಟರ್ ಪರಿಚಯದವನೇ. "ಚಳ್ಳಕೆರೆ, ಚಳ್ಳಕೆರೆ! ಹತ್ತಲೇ ಮಾರುತೇಶ!"

ಮಾರುತೇಶ ಮಾತ್ರೆಯ ಮೇಲೆ ನಾಲಿಗೆ ಒತ್ತಿ ಹಿಡಿದ. ಅವನ ಒಂದು ಕಾಲು ಮಾತ್ರ ಬಸ್ಸಿನ ಮೆಟ್ಟಿಲ ಕಡೆ ಅದುರುತ್ತಿತ್ತು.

"ಬಾಯಲ್ಲೇನು ಕಡುಬು ಇಟ್ಕೊಂಡಿದೀಯೇನ್ಲೇ? ಬರ್ತೀಯೋ ಇಲ್ವೋ?"

ಮಾರುತೇಶ ತುಟಿ ಬಿಗಿಹಿಡಿದು ಇಲ್ಲವೆಂದು ತಲೆಯಾಡಿಸಿದ. ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು.

ಉಚ್ಚಂಗೆಮ್ಮನ ದವಡೆ ಆಗಲೇ ಸೊಪ್ಪು ಬೇಡುತ್ತಿತ್ತು. ಪಕ್ಕದಲ್ಲಿ ಮಗನಿಗೆ ಜೋರಾಗಿ ಸೀನು ಬಂತು. ಮಾತ್ರೆ ಎಲ್ಲಿ ಬಿದ್ದುಹೋಗುತ್ತದೋ ಎಂದು ಅವನು ಎರಡೂ ಕೈಯಿಂದ ಬಾಯನ್ನು ಗಟ್ಟಿಯಾಗಿ ಮುಚ್ಚಿಕೊಂಡ.