ಏರು ಹತ್ತುವಾಗಿನ ಹೊಗೆ

ಮಾವ ಗ್ಯಾರೇಜಿನ ಮುಂದೆ ಶವವಾಹನ ನಿಲ್ಲಿಸಿ, ಇಂಜಿನ್ ಆರಿಸಿ, ಇಳಿಯದೆ ಹಾಗೇ ಕೂತುಬಿಟ್ಟ. ಅವನು ಹೀಗೆ ಕೂರುವ ಆಸಾಮಿಯಲ್ಲ. ವರ್ಷಗಟ್ಟಲೆ ಊರಿನ ಹೆಣಗಳನ್ನು ಸಾಗಿಸಿಯೂ ಬಾಯ್ತುಂಬ ನಗುವವನು. "ಏನೇ ಪುಟ್ಟಿ, ನನ್ನ ಗಿರಾಕಿಗಳು ಒಬ್ರೂ ಇವತ್ತಿನವರೆಗೆ ದೂರು ಹೇಳಿಲ್ಲ. ನಿನ್ನವರು ಹೇಗೆ?" ಎಂದು ಕೂಗಿಕೊಂಡೇ ಇಳಿಯುತ್ತಿದ್ದ.

ಪುಟ್ಟಿ ಅವನ ಅಕ್ಕನ ಮಗಳು, ಗ್ಯಾರೇಜ್ ಅವಳದೇ. ವಯಸ್ಸು ನಲವತ್ತು ದಾಟಿದರೂ ಅವನ ಬಾಯಲ್ಲಿ ಪುಟ್ಟಿಯೇ. ಬೀದಿಯವರಿಗೆ ಮಾತ್ರ ಅವಳು ಸ್ಪ್ಯಾನರಕ್ಕ. ಅವಳು ಕೈ ಒರೆಸಿಕೊಳ್ಳುತ್ತ ಕಿಟಕಿಯ ಬಳಿ ಬಂದಳು.

"ಏನಾಯ್ತು ಮಾವ?"

"ಹೊಗೆ ಕಣೇ. ಸ್ಮಶಾನದ ಏರು ಹತ್ತುವಾಗ ಹಿಂದೆ ನಡ್ಕೊಂಡು ಬರ್ತಿದ್ದವರ ಮುಖಕ್ಕೆಲ್ಲ ನೀಲಿ ಹೊಗೆ. ತೀರಿಕೊಂಡವರ ಮಗ ಬಂದು, ಇದೇನು ಹೆಣದ ಗಾಡೀನಾ, ಸೊಳ್ಳೆಗೆ ಹೊಗೆ ಹಾಕೋ ಗಾಡೀನಾ ಅಂದ. ಏನು ಹೇಳ್ಲಿ? ತಲೆ ತಗ್ಗಿಸ್ಕೊಂಡು ನಿಂತೆ."

"ಆಯಿಲ್ ಎಷ್ಟು ಹಾಕ್ತಿದ್ದೀಯ?"

"ಹಾಕ್ತಾನೇ ಇದ್ದೀನಿ. ಡಬ್ಬ ಸೀಟಿನ ಕೆಳಗೇ ಇಟ್ಕೊಂಡಿದ್ದೀನಿ. ಪೆಟ್ರೋಲಿಗಿಂತ ಇದರ ಚಿಂತೆಯೇ ಜಾಸ್ತಿ." ಮಾವ ಸ್ಟಿಯರಿಂಗ್ ಮೇಲೆ ಕೈಯಾಡಿಸಿದ. "ಗಾಡಿ ಇಟ್ಟಿರೋ ಸ್ಮಶಾನ ಸಮಿತಿಯವರಿಗೂ ಸುದ್ದಿ ಹೋಗಿದೆ. ಇಂಜಿನ್ ಪೂರ್ತಿ ಬಿಚ್ಚಬೇಕು ಅಂದ್ರೆ ಗುಜರಿಗೆ ಹಾಕೋಣ ಅಂತಿದ್ದಾರೆ."

ಗಾಡಿ ಹೋದರೆ ಮಾವನ ಕೆಲಸವೂ ಹೋಗಿ ಮನೆಯೇ ಗತಿ ಎಂಬುದನ್ನು ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ.

ಪುಟ್ಟಿ ಅಂದೇ ಕೆಲಸಕ್ಕೆ ಕೂತಳು. ಗಾಡಿಯ ಕೆಳಗೆ ಬಿಳಿ ರಟ್ಟು ಹಾಸಿ ಇಂಜಿನ್ ಓಡಲು ಬಿಟ್ಟಳು; ರಟ್ಟಿನ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಅಂದರೆ ಆಯಿಲ್ ಹೊರಗೆ ಸೋರುತ್ತಿಲ್ಲ. ರೇಡಿಯೇಟರಿನ ನೀರು ತಿಳಿಯಾಗಿತ್ತು, ಅದಕ್ಕೂ ಆಯಿಲ್ ಸೇರಿಲ್ಲ. ಇಂಜಿನ್ನಿನ ಆವಿ ಹೊರಹೋಗುವ ಕೊಳವೆ ಕಟ್ಟಿಕೊಂಡಿರಬಹುದೆಂದು ಊದಿ ನೋಡಿದಳು. ಗಾಳಿ ಸಲೀಸಾಗಿ ಹಾಯಿತು. ಪ್ಲಗ್‌ಗಳನ್ನು ಬಿಚ್ಚಿದಾಗ ಮಾತ್ರ ತುದಿಯಲ್ಲಿ ಒದ್ದೆ ಮಸಿ ಅಂಟಿತ್ತು. ಆಯಿಲ್ ಒಳಗೇ ಉರಿಯುತ್ತಿದೆ, ಅದು ಖಚಿತ. ಒಳಗೆ ಬರುತ್ತಿರುವುದು ಎಲ್ಲಿಂದ? ಪಿಸ್ಟನ್ ರಿಂಗ್ ಸವೆದು ಕೆಳಗಿನಿಂದ ಏರುತ್ತಿದ್ದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಮೇಲಿನ ವಾಲ್ವ್‌ಗಳ ರಬ್ಬರ್ ಸೀಲುಗಳಿಂದ ಇಳಿಯುತ್ತಿದ್ದರೆ ಕೆಲಸ ಸಣ್ಣದು. ಮೀಟರ್ ಹಚ್ಚಿ ಸಿಲಿಂಡರಿನೊಳಗಿನ ಒತ್ತಡ, ಅಂದರೆ ಕಂಪ್ರೆಷನ್ ನೋಡಿದಳು. ಹೊಸದರಷ್ಟು ಇಲ್ಲ, ತೀರ ಬಿದ್ದೂ ಇಲ್ಲ. ಅತ್ತಲೂ ಹೇಳದ, ಇತ್ತಲೂ ಹೇಳದ ಅಂಕಿ.

ಹೊಗೆಯನ್ನು ಕಣ್ಣಾರೆ ನೋಡೋಣವೆಂದು ಗಾಡಿಯನ್ನು ಹೆದ್ದಾರಿಗೆ ಒಯ್ದಳು. ಎಷ್ಟು ಓಡಿಸಿದರೂ ಹೊಗೆಯ ಸುಳಿವಿಲ್ಲ. ಊರಿಗೆಲ್ಲ ಕಾಟ ಕೊಟ್ಟು ಅಪ್ಪನ ಮುಂದೆ ಕೈಕಟ್ಟಿ ನಿಲ್ಲುವ ಪೋರನ ಹಾಗೆ ಅವಳ ಕೈಯಲ್ಲಿ ಅದು ಸಾಧುವಾಗಿಬಿಟ್ಟಿತ್ತು.

"ಅದು ಹೆಣ ಹೊತ್ತಾಗ್ಲೇ ಹೊಗೆ ಬಿಡೋದು. ನೀನೇ ಒಂದ್ಸಲ ಹಿಂದೆ ಕೂತು ಬಾ. ಹಿಂದಿನ ಗಾಜಿನಿಂದ ಎಲ್ಲ ಕಾಣುತ್ತೆ," ಎಂದ ಮಾವ.

 ಪುಟ್ಟಿಯ ಅಮ್ಮನನ್ನು ಒಯ್ದದ್ದೂ ಇದೇ ಗಾಡಿಯಲ್ಲಿ. ಅಂದು ಒಳಗೆ ಕೂರಲಾಗದೆ ಸ್ಕೂಟರಿನಲ್ಲಿ ಹಿಂದೆ ಹೋಗಿದ್ದಳು. ಆಮೇಲೆ ಬ್ರೇಕು, ಕ್ಲಚ್ಚು ಎಂದು ಆ ಗಾಡಿಯ ಅಡಿಯಲ್ಲಿ ಎಷ್ಟು ಸಲ ಮಲಗಿ ಎದ್ದಿದ್ದಳೋ, ಅದರ ಹಿಂಬಾಗಿಲನ್ನು ಮಾತ್ರ ಮುಟ್ಟಿರಲಿಲ್ಲ.

"ಯಾವತ್ತು ಹೋಗ್ಬೇಕು?" ಎಂದಷ್ಟೇ ಕೇಳಿದಳು.

ಮರುದಿನವೇ ಕರೆ ಬಂತು. ಆಸ್ಪತ್ರೆಯ ಹಿಂದಿನ ಗಲ್ಲಿಯ ಒಂದು ಮನೆ. ತೀರಿಕೊಂಡದ್ದು ವಯಸ್ಸಾದ ಹೆಂಗಸು. ನೆರೆಹೊರೆಯವರು, ನೆಂಟರು ಒಂದಿಷ್ಟು ಜನ ನಡೆದೇ ಹೊರಟರು. ಮಂಡಿನೋವಿನ ಗಂಡನನ್ನು ಮಾತ್ರ ಕೈಹಿಡಿದು ಗಾಡಿಯ ಹಿಂಭಾಗಕ್ಕೆ ಹತ್ತಿಸಿದರು. ನಡುವೆ ಶವದ ಪೆಟ್ಟಿಗೆ, ಪಕ್ಕದ ಬೆಂಚಿನ ಮೇಲೆ ಅಜ್ಜ, ಹಿಂಗಾಜಿಗೆ ಒತ್ತಿಕೊಂಡು ಪುಟ್ಟಿ. ಬಾಗಿಲು ಮುಚ್ಚಿದಾಗ ಅವಳು ಕಣ್ಣನ್ನು ಬಲವಂತವಾಗಿ ಗಾಜಿಗೆ ನೆಟ್ಟಳು.

ಗಾಡಿ ನಡೆಯುವವರ ಹೆಜ್ಜೆಗೆ ಹೊಂದಿಕೊಂಡು ತೆವಳತೊಡಗಿತು. ಹೊಗೆಯಿಲ್ಲ.

"ನೀನು ಯಾರಮ್ಮ? ಇವಳ ಕಡೆಯವಳಾ?" ಅಜ್ಜ ಕೇಳಿದರು.

ಮಾವ ಮನೆಯವರನ್ನು ಕೇಳಿದ್ದೇನೆ ಎಂದಿದ್ದ. ಈ ಅಜ್ಜನನ್ನು ಕೇಳಿಲ್ಲವೆಂದು ಈಗ ತಿಳಿಯಿತು. ಸುಳ್ಳು ಹೇಳಲು ನಾಲಿಗೆ ಬರಲಿಲ್ಲ.

"ಅಲ್ಲ ಅಜ್ಜ. ನಾನು ಗಾಡಿ ರಿಪೇರಿಯವಳು. ಏರು ಹತ್ತುವಾಗ ಹೊಗೆ ಬರುತ್ತಂತೆ, ಅದನ್ನ ನೋಡೋಕೆ ಬಂದೆ. ತಪ್ಪಾಯ್ತು, ನಿಮ್ಮನ್ನ ಕೇಳಬೇಕಿತ್ತು. ಇಳಿದುಬಿಡ್ತೀನಿ."

ಅಜ್ಜ ಅವಳ ಉಗುರುಸಂದಿಯ ಕಪ್ಪನ್ನು ನೋಡಿದರು. "ಕೂತ್ಕೋ ಕೂತ್ಕೋ. ಇವಳಿಗೂ ಹೊಗೆ ಕಂಡ್ರೆ ಆಗ್ತಿರಲಿಲ್ಲ. ನನ್ನ ಸಿಗರೇಟು ಬಿಡಿಸಿದವಳೇ ಇವಳು. ನೋಡು, ಏನಾಗಿದೆ ನೋಡು." ಆಮೇಲೆ ಪೆಟ್ಟಿಗೆಯ ಮುಚ್ಚಳದ ಮೇಲೆ ಅಂಗೈ ಇಟ್ಟರು.

ಸಂತೆಬೀದಿ ದಾಟಿ, ಶಾಲೆಯ ಗೋಡೆ ದಾಟಿ, ಗಾಡಿ ಏರಿನ ಬುಡಕ್ಕೆ ಬಂತು. ಪುಟ್ಟಿ ಮೂಗನ್ನು ಗಾಜಿಗೆ ತಾಗಿಸಿದಳು. ಮಾವ ಗೇರ್ ಹಾಕಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಒಳಗೆ ಕಟಕ್ಕೆಂದು ಸದ್ದಾಯಿತು. ಪೆಟ್ಟಿಗೆಯನ್ನು ಹಿಡಿದಿದ್ದ ಕಬ್ಬಿಣದ ಕೊಂಡಿ ಬಿಚ್ಚಿಕೊಂಡು, ಪೆಟ್ಟಿಗೆ ನಿಧಾನವಾಗಿ ಬಾಗಿಲ ಕಡೆಗೆ ಜಾರತೊಡಗಿತು.

"ಅಯ್ಯೋ, ಹಿಡಿಯಮ್ಮ! ಇವಳು ಬೀಳ್ತಾಳೆ!" ಅಜ್ಜ ಎರಡೂ ಕೈಯಲ್ಲಿ ಪೆಟ್ಟಿಗೆಯನ್ನು ತಬ್ಬಿದರು. ಅವರ ಕೈಗಳಲ್ಲಿ ಬಲವೆಲ್ಲಿತ್ತು?

ಪುಟ್ಟಿ ತಿರುಗಿ ಮಂಡಿಯೂರಿದಳು. ಬೆನ್ನನ್ನು ಬಾಗಿಲಿಗೆ ಕೊಟ್ಟು, ಪೆಟ್ಟಿಗೆಯ ತುದಿಗೆ ಭುಜ ಆನಿಸಿ ತಡೆದಳು. ಭಾರವೆಲ್ಲ ಅವಳ ಮೇಲೆ ಬಂತು. ಮರದ ವಾಸನೆ, ಅದರ ಹಿಂದೆಯೇ ಸುಟ್ಟ ಆಯಿಲ್ಲಿನ ಕಮಟು ಮೂಗಿಗೆ ಬಡಿಯಿತು. ಹೊರಗೆ ಯಾರೋ ಕೆಮ್ಮಿದರು. ಯಾವುದನ್ನು ನೋಡಲು ಇಷ್ಟು ದೂರ ಬಂದಿದ್ದಳೋ ಅದು ಈಗ ಅವಳ ಬೆನ್ನ ಹಿಂದೆಯೇ ನಡೆಯುತ್ತಿತ್ತು; ಕತ್ತು ತಿರುಗಿಸುವಂತಿರಲಿಲ್ಲ.

ಅಜ್ಜನಿಗೆ ಅದು ಅರ್ಥವಾಯಿತು.

"ನೀನು ಇವಳನ್ನ ಹಿಡ್ಕೋ. ನಾನು ನೋಡ್ತೀನಿ. ಏನು ನೋಡ್ಬೇಕು ಹೇಳು."

"ಬೇಡ ಅಜ್ಜ, ಇವತ್ತು..."

"ಹೇಳಮ್ಮ. ಸುಮ್ನೆ ಕೂತು ನಾನಾದ್ರೂ ಏನು ಮಾಡ್ಲಿ?"

ಆ ದನಿ ಕೇಳಿ ಪುಟ್ಟಿಗೆ ಇಲ್ಲ ಎನ್ನಲಾಗಲಿಲ್ಲ. "ಬಣ್ಣ ಯಾವುದು? ಒಂದೇ ಸಮ ಬರ್ತಿದೆಯಾ, ಬಂದು ನಿಲ್ತಿದೆಯಾ?"

ಅಜ್ಜ ಒಂದು ಕೈ ಪೆಟ್ಟಿಗೆಯ ಮೇಲಿಟ್ಟುಕೊಂಡೇ ಗಾಜಿನತ್ತ ಬಾಗಿದರು. "ನೀಲಿ. ತಿಳಿ ನೀಲಿ. ಅವನು ಒತ್ತಿದ ತಕ್ಷಣ ಭುಸ್ಸಂತ ಬಂತು, ಜನ ಎಲ್ಲ ಪಕ್ಕಕ್ಕೆ ಸರಿದ್ರು. ಈಗ ಕಡಿಮೆ ಆಗ್ತಿದೆ. ತೆಳ್ಳಗಾಯ್ತು. ಇನ್ನೂ ಏರೇ ಇದೆ ಅಲ್ವಾ? ಆದ್ರೂ ಹೊಗೆ ಇಲ್ಲ ಈಗ. ಪೂರಾ ಹೋಯ್ತು."

"ಸರಿಯಾಗಿ ನೋಡಿದ್ರಾ? ಮಾವ ಇನ್ನೂ ಒತ್ತುತ್ತಿದ್ದಾನೆ, ಹೊಗೆ ಇಲ್ವಾ?"

"ಇಲ್ಲ. ಎಲ್ಲರ ಮುಖ ಕಾಣ್ತಿದೆ."

ಭುಜ ನೋಯುತ್ತಿದ್ದರೂ ಪುಟ್ಟಿಗೆ ಉಸಿರು ಹಗುರಾಯಿತು. ರಿಂಗ್ ಹೋಗಿದ್ದರೆ ಒತ್ತಿದಷ್ಟು ಹೊತ್ತೂ ಹೊಗೆ ಬರಬೇಕಿತ್ತು. ಇದು ಸೀಲಿನ ಕೆಲಸ. ಹೆಜ್ಜೆನಡಿಗೆಯಲ್ಲಿ ತೆವಳುವಾಗ ಇಂಜಿನ್ನಿಗೆ ಗಾಳಿ ಸಾಲದು. ಅದು ಒಳಗೊಳಗೇ ಎಳೆಯುತ್ತದೆ. ಆ ಎಳೆತಕ್ಕೆ ಆಯಿಲ್ ಹಳೆಯ ಸೀಲುಗಳನ್ನು ದಾಟಿ ಹನಿಹನಿಯಾಗಿ ಇಳಿದು ಕೂರುತ್ತದೆ. ಏರಿನಲ್ಲಿ ಒತ್ತಿದಾಗ ಕೂಡಿದ್ದೆಲ್ಲ ಒಮ್ಮೆಲೇ ಉರಿದುಹೋಗುತ್ತದೆ. ಹೆದ್ದಾರಿಯಲ್ಲಿ ಓಡಿಸಿದವಳಿಗೆ ಇದು ಕಾಣುವುದಾದರೂ ಹೇಗೆ?

ಮೇಲೆ ತಲುಪಿ ಬಾಗಿಲು ತೆಗೆದಾಗ ನೆಂಟರು ಕಂಡದ್ದು ಮಂಡಿಯೂರಿ ಪೆಟ್ಟಿಗೆ ಹಿಡಿದಿದ್ದ ಅಪರಿಚಿತ ಹೆಂಗಸನ್ನು.  ಹೊರುವವರ ಸಾಲಿನಲ್ಲಿ ಒಂದು ಮೂಲೆ ಅವಳಿಗೇ ಬಿಟ್ಟರು. ಅವಳು ಹೊತ್ತಳು. ಮಣ್ಣು ಹಾಕುವವರೆಗೂ ನಿಂತಿದ್ದಳು.

ವಾಪಸು ಬರುವಾಗ ಮಾವನ ಪಕ್ಕ ಕೂತು, "ಕೊಂಡಿ ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದಳು.

ಮಾವ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಬಹಳ ದಿನ ಆಯ್ತು. ಹಗ್ಗ ಬಿಗಿದು ಸುಧಾರಿಸ್ತಿದ್ದೆ. ಇವತ್ತು ನೀನು ನೋಡಿದ್ರೆ ಬೈತೀಯ ಅಂತ ಬಿಚ್ಚಿಟ್ಟೆ. ಕೊಂಡಿ ಇನ್ನೊಂದ್ಸಲ ತಡೆಯುತ್ತೆ ಅಂದ್ಕೊಂಡೆ."

"ನನಗೆ ಮೊದ್ಲೇ ಯಾಕೆ ಹೇಳಲಿಲ್ಲ?"

"ಹೇಗೆ ಹೇಳ್ಲಿ? ಹಿಂಬಾಗಿಲ ಹತ್ರ ಬಂದ್ರೆ ನಿನ್ನ ಮುಖ ಬಾಡ್ತಿತ್ತು."

ಪುಟ್ಟಿಗೆ ಕೋಪವೂ ಬಂತು, ಅಳುವೂ ಬಂತು. "ಅಮ್ಮನ ದಿನ?"

"ಅವತ್ತು ಗಟ್ಟಿಯಾಗಿತ್ತು. ಆದ್ರೂ ನಾನು ಏರಿನ ಕೆಳಗೆ ನಿಲ್ಲಿಸಿ, ಇಳಿದು ಬಂದು ಕೈಯಿಟ್ಟು ನೋಡಿದೆ. ನನ್ನ ಅಕ್ಕ ಅಲ್ವೇನೇ?"

ಅವಳು ಕಿಟಕಿಯತ್ತ ಮುಖ ತಿರುಗಿಸಿ ಅತ್ತಳು. ಮಾವ ಗಾಡಿಯನ್ನು ಮನೆಯ ದಾರಿ ಬಿಟ್ಟು ಸುತ್ತುದಾರಿಗೆ ತಿರುಗಿಸಿದ.

ಮರುದಿನ ಬೆಳಗ್ಗೆ ಅವಳು ಎಲ್ಲಕ್ಕಿಂತ ಮೊದಲು ಕೊಂಡಿಯನ್ನು ಬದಲಿಸಿದಳು. ಆಮೇಲೆ ಇಂಜಿನ್ನಿನ ಮೇಲ್ಮುಚ್ಚಳ ತೆಗೆದು, ಪ್ಲಗ್ ತೂತಿನಿಂದ ಗಾಳಿ ತುಂಬಿ, ವಾಲ್ವ್ ಕೆಳಗೆ ಬೀಳದಂತೆ ತಡೆದು, ಸೀಲುಗಳನ್ನು ಒಂದೊಂದಾಗಿ ಕಿತ್ತಳು. ರಬ್ಬರ್ ಎಂದು ಕರೆಯುವಂತೆಯೇ ಇರಲಿಲ್ಲ. ಉಗುರಲ್ಲಿ ಒತ್ತಿದರೆ ಪುಡಿಯಾಗುತ್ತಿತ್ತು. ಹೊಸವನ್ನು ಹಾಕಿ ಮುಗಿಸಲು ಸಂಜೆಯಾಯಿತು. ಆಮೇಲಿನ ಶವಯಾತ್ರೆಗಳಲ್ಲಿ ಎರಡು ಸಲ ಅವಳೂ ಹಿಂದೆ ನಡೆದು ನೋಡಿದಳು. ಏರಿನಲ್ಲಿ ಗಾಡಿ ಗುರುಗುಟ್ಟುತ್ತ ಹತ್ತಿಹೋಯಿತು. ಹಿಂದಿದ್ದವರು ತಮ್ಮ ದುಃಖದಲ್ಲಿ ತಾವಿದ್ದರು, ಗಾಡಿಯ ಗೊಡವೆ ಯಾರಿಗೂ ಇರಲಿಲ್ಲ. ಸಮಿತಿಯವರು ಗುಜರಿಯ ಮಾತೆತ್ತುವುದನ್ನು ಬಿಟ್ಟರು.

ಕೆಲವು ವಾರ ಕಳೆದ ಮೇಲೆ ಒಂದು ಸಂಜೆ ಅಜ್ಜ ಕೋಲೂರಿಕೊಂಡು ಗ್ಯಾರೇಜಿಗೆ ಬಂದರು. ಮೊದಲಿಗಿಂತ ಇಳಿದುಹೋಗಿದ್ದರು. ಅಂಗಿಯ ಗುಂಡಿಗಳು ಮೇಲೆಕೆಳಗಾಗಿದ್ದವು.

"ನಾನು ನೋಡಿ ಹೇಳಿದ್ದು ಉಪಯೋಗಕ್ಕೆ ಬಂತಾ ಅಂತ ಕೇಳೋಣ ಅಂತ ಬಂದೆ."

"ನೀವು ಹೇಳಿದ್ರಿಂದಲೇ ಗಾಡಿ ಉಳೀತು ಅಜ್ಜ. ಈಗ ಹೊಗೆ ಇಲ್ಲ."

"ಹೌದಾ?" ಅವರ ಮುಖ ಅರಳಿತು. "ಇವಳಿಗೆ ಹೇಳಿದ್ರೆ ನಂಬ್ತಿರಲಿಲ್ಲ. ನಿಮಗೆ ಕಣ್ಣೆದುರಿನ ಕನ್ನಡಕ ಕಾಣಲ್ಲ ಅಂತಿದ್ಲು."

ಪುಟ್ಟಿ ಕುರ್ಚಿ ಕೊಟ್ಟಳು. ಅವರು ಕೂತರು. ಅವಳು ಕೆಲಸ ಮಾಡುತ್ತ, ಅವರು ಅದನ್ನು ನೋಡುತ್ತ ಹೊತ್ತು ಹೋಯಿತು. ಬಾಗಿಲು ಎಳೆಯುವ ಸಮಯವಾದರೂ ಅಜ್ಜ ಏಳುವ ಲಕ್ಷಣ ಕಾಣಲಿಲ್ಲ. ಅವಳೇ ಮನೆಗೆ ಬಿಡುತ್ತೇನೆಂದು ಕರೆದೊಯ್ದಳು.

ಬೀಗ ತೆಗೆದ ಮೇಲೆ ಅಜ್ಜ ಹೊಸ್ತಿಲಲ್ಲೇ ನಿಂತರು. ಒಳಗೆ ಕತ್ತಲಿತ್ತು.

"ಇವಳಿದ್ದಾಗ ನಾನು ಬರೋ ಹೊತ್ತಿಗೆ ದೀಪ ಹಾಕಿರ್ತಿದ್ಲು. ಒಳಗೆ ಹೋಗೋಕೆ ಕಾಲೇ ಬರಲ್ಲಮ್ಮ."

ಪುಟ್ಟಿ ಚಪ್ಪಲಿ ಬಿಟ್ಟು ಮೊದಲು ಒಳಗೆ ಹೋದಳು. ಗೋಡೆ ತಡವಿ ಸ್ವಿಚ್ ಹುಡುಕಿ ದೀಪ ಹಾಕಿದಳು. ಅಡುಗೆಮನೆಯದನ್ನೂ ಹಾಕಿದಳು. ಅಜ್ಜ ಕೋಲನ್ನು ಮೂಲೆಗಿಟ್ಟು ನಿಧಾನವಾಗಿ ಒಳಗೆ ಬಂದರು.

"ಟೀ ಕುಡೀತೀಯಾ? ಚೆನ್ನಾಗಿ ಮಾಡೋಕೆ ಬರಲ್ಲ ನನಗೆ."

"ಮಾಡಿ ಅಜ್ಜ. ನಾನು ಕೂತಿರ್ತೀನಿ," ಎಂದಳು ಪುಟ್ಟಿ.